ಗಾಲ್ಫ್ ಕ್ರೀಡೆಯೇ? ಒಂದು ಪ್ರಶ್ನೆಯ ಚರಿತ್ರೆ

೧೪೫೭ರ ಮಾರ್ಚ್ ತಿಂಗಳಲ್ಲಿ, ದೊರೆ ಎರಡನೆಯ ಜೇಮ್ಸನ ಆಳ್ವಿಕೆಯಲ್ಲಿ, ಸ್ಕಾಟ್ಲೆಂಡಿನ ಸಂಸತ್ತು ಒಂದು ಶಾಸನವನ್ನು ಹೊರಡಿಸಿತು. ಪ್ರಜೆಗಳು ಬಿಲ್ಲುವಿದ್ಯೆಯನ್ನು ತಪ್ಪದೆ ಅಭ್ಯಾಸ ಮಾಡತಕ್ಕದ್ದು, ಕಾಲ್ಚೆಂಡು ಮತ್ತು ಗಾಲ್ಫ್ ಆಟಗಳನ್ನು ಪೂರ್ತಿಯಾಗಿ ಕೈಬಿಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಗಾಲ್ಫ್ ಎಂಬ ಹೆಸರು ಲಿಖಿತ ದಾಖಲೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಕಾಣಿಸಿಕೊಳ್ಳುವುದು ಇಲ್ಲಿಂದ. ಅಂದರೆ ಈ ಆಟ ಚರಿತ್ರೆಯೊಳಕ್ಕೆ ಕಾಲಿಟ್ಟದ್ದೇ ನಿಷೇಧದ ಬಾಗಿಲಿನಿಂದ. ೧೪೭೧ರಲ್ಲಿಯೂ ೧೪೯೧ರಲ್ಲಿಯೂ ನಿಷೇಧವನ್ನು ಮತ್ತೆ ಸಾರಬೇಕಾಯಿತು; ಮತ್ತೆ ಮತ್ತೆ ಸಾರಬೇಕಾಗಿ ಬಂದುದೇ ಜನ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲವೆಂಬುದಕ್ಕೆ ಸಾಕ್ಷಿ. ೧೫೦೨ರಲ್ಲಿ ಇಂಗ್ಲೆಂಡಿನೊಡನೆ ಶಾಂತಿ ಒಪ್ಪಂದವಾಯಿತು. ಅದೇ ವರ್ಷ ನಾಲ್ಕನೆಯ ಜೇಮ್ಸ್ ದೊರೆಗಾಗಿ ಪರ್ತ್ ಪಟ್ಟಣದಲ್ಲಿ ಗಾಲ್ಫ್ ಕೋಲುಗಳನ್ನು ಕೊಂಡ ಲೆಕ್ಕ ರಾಜಭಂಡಾರದ ಪುಸ್ತಕದಲ್ಲಿದೆ. ಮಾರಿದವನು ಬಿಲ್ಲು ಮಾಡುವ ಕಸುಬಿನವನು.

ಅಂದಿನ ಆಕ್ಷೇಪದ ಸ್ವರೂಪ ಗಮನಿಸಬೇಕಾದದ್ದು. ಗಾಲ್ಫ್ ಆಡಲು ಮೈಬಲ ಬೇಕೋ ಬೇಡವೋ ಎಂದು ಸಂಸತ್ತು ಕೇಳಲಿಲ್ಲ; ಯುದ್ಧಕ್ಕೆ ಅದರಿಂದ ಉಪಯೋಗವುಂಟೆ ಎಂದು ಕೇಳಿತು. ಮೈಬೆವರಿಳಿಸುವ ಕಾಲ್ಚೆಂಡೂ ಅದೇ ಶಾಸನದಲ್ಲಿ ಗಾಲ್ಫಿನ ಜೊತೆಗೇ ಬಹಿಷ್ಕೃತವಾಯಿತು. ಇಂದು ಗಾಲ್ಫಿನ ಮೇಲಿರುವ ಆಕ್ಷೇಪ ಬೇರೆಯೇ ಬಗೆಯದು: ಓಟವಿಲ್ಲ, ಬೆವರಿಲ್ಲ, ಎದುರಾಳಿಯ ತಡೆಯಿಲ್ಲ, ಅರವತ್ತು ದಾಟಿದವರೂ ಆಡಬಲ್ಲರು, ಕೋಲುಗಳ ಚೀಲವನ್ನು ಹೊರಲು ಮತ್ತೊಬ್ಬನಿರುತ್ತಾನೆ, ನಡೆಯಲು ಮನಸ್ಸಿಲ್ಲದವರಿಗೆ ನಾಲ್ಕು ಗಾಲಿಯ ಗಾಡಿಯಿದೆ. ಇಂಥದ್ದನ್ನು ಕ್ರೀಡೆ ಎನ್ನುವುದಾದರೂ ಹೇಗೆ ಎಂಬ ಸಂದೇಹ ಕನ್ನಡ ನುಡಿವ ಸೀಮೆಗಳಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆ ಆಟದ ಅಳತೆಗೋಲು ಇಂದಿಗೂ ತಾಲೀಮು. ಜಾತ್ರೆಯ ಕುಸ್ತಿ ಮತ್ತು ಗುಂಡುಕಲ್ಲು ಎತ್ತುವ ಪಂಥ. ಮೈಗೆ ಮಣ್ಣು ಹತ್ತದ, ಬಿದ್ದರೆ ಮೀಸೆ ಮಣ್ಣಾದೀತೆಂಬ ಭಯವೇ ಇಲ್ಲದ ಆಟವನ್ನು ಆ ಅಳತೆಗೋಲು ಒಪ್ಪದು. ಆದರೆ ಆ ಅಳತೆಗೋಲೇ ಎಷ್ಟು ಹಳೆಯದು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಇಂದು ಕನ್ನಡದಲ್ಲಿ ಕ್ರೀಡೆ ಎಂದಾಗ ಮೊದಲು ನೆನಪಿಗೆ ಬರುವುದು ದೈಹಿಕ ಸ್ಪರ್ಧೆ. ಈ ಶಬ್ದದ ವ್ಯಾಪ್ತಿ ಯಾವಾಗಲೂ ಹೀಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ, ಈಗ ಗಡಿಯಾಚೆಗಿರುವ ಸೊಲ್ಲಾಪುರ, ಅಕ್ಕಲಕೋಟೆಗಳೂ ಪಶ್ಚಿಮ ತೆಲಂಗಾಣವೂ ತನ್ನ ರಾಜ್ಯದ ಒಳನಾಡಾಗಿದ್ದ ಕಾಲದಲ್ಲಿ, ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ವಿಂಗಡಣೆಯನ್ನು ಇಲ್ಲಿ ನೆನೆಯಬಹುದು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಆ ಗ್ರಂಥದಲ್ಲಿ ನಾಲ್ಕನೆಯದು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲು. ಮಲ್ಲರ ಕಾಳಗ, ಇಬ್ಬರು ಭಟರು ಶಸ್ತ್ರ ಹಿಡಿದು ಸೆಣಸುವ ಅಂಕ, ಕುದುರೆಯೇರಿ ಕೋಲಿನಿಂದ ಚೆಂಡು ಹೊಡೆಯುವ ವಾಹ್ಯಾಳಿ, ಬೇಟೆ, ಕೋಳಿ ಮತ್ತು ಟಗರಿನ ಕಾಳಗ, ಇವೆಲ್ಲ ಅಲ್ಲಿ ವಿನೋದಗಳು. (ಅಂಕ ಎಂಬ ಶಬ್ದ ಕಾಸರಗೋಡು ಸೀಮೆಯ ಕೋಳಿ ಅಂಕದಲ್ಲಿ ಇನ್ನೂ ಬಳಕೆಯಲ್ಲಿದೆ.) ಕ್ರೀಡೆಗಳ ಪಟ್ಟಿಯಲ್ಲಿ ಬರುವುದು ಬೆಟ್ಟದ ವಿಹಾರ, ವನವಿಹಾರ, ಉಯ್ಯಾಲೆ, ನೀರಾಟ, ಬೆಳದಿಂಗಳಿನ ಆಟ, ಒಗಟು, ಚದುರಂಗ, ಪಗಡೆ; ಅವುಗಳ ನಡುವೆ ಶಾದ್ವಲಕ್ರೀಡೆ, ಅಂದರೆ ಎಳೆಹುಲ್ಲಿನ ಮೇಲಣ ವಿಹಾರ, ಮತ್ತು ವಾಲುಕಾಕ್ರೀಡೆ, ಅಂದರೆ ಮರಳಿನ ಮೇಲಣ ವಿಹಾರ. ಕುಸ್ತಿ ವಿನೋದವಾಗಿ, ಚದುರಂಗ ಕ್ರೀಡೆಯಾಗಿ ನಿಂತ ಈ ವಿಂಗಡಣೆ ಇಂದಿನ ಬಳಕೆಗೆ ತೀರ ತಲೆಕೆಳಗು. ಸ್ಥೂಲವಾಗಿ ಹೇಳುವುದಾದರೆ, ದೊರೆ ಬಹುಮಟ್ಟಿಗೆ ನೋಡಿ ಸಂತೋಷಪಡುವುದು ಅಲ್ಲಿ ವಿನೋದ. ತನ್ನವರೊಡನೆ ತಾನೇ ಒಳಗಾಗಿ ಸುಖಿಸುವುದು ಕ್ರೀಡೆ. ಹುಲ್ಲು ಮತ್ತು ಮರಳು ಎಂಬೆರಡೇ ವಸ್ತುಗಳಿಂದ ಕಟ್ಟಿದ ಗಾಲ್ಫ್ ಆ ಆಸ್ಥಾನದ ಲೇಖಕನ ಕಣ್ಣಿಗೆ ಬಿದ್ದಿದ್ದರೆ ಅದನ್ನು ಐದನೆಯ ವಿಂಶತಿಯಲ್ಲಿ ಸೇರಿಸಲು ಅವನು ಹಿಂದುಮುಂದು ನೋಡುತ್ತಿರಲಿಲ್ಲ. ಇದರಿಂದ ಗಾಲ್ಫಿಗೆ ಭಾರತೀಯ ಮೂಲವೊಂದು ಸಿಕ್ಕಿತೆಂದು ಯಾರೂ ಹಿಗ್ಗಬೇಕಾಗಿಲ್ಲ. ಇಲ್ಲಿನ ಮಾತು ಶಬ್ದದ್ದು, ಆಟದ್ದಲ್ಲ. ಡಚ್ ಭಾಷೆಯ ಕೋಲ್ಫ್ ಎಂಬ, ದೊಣ್ಣೆ ಎಂಬರ್ಥದ ಶಬ್ದದಿಂದ ಗಾಲ್ಫ್ ಬಂದಿರಬಹುದೆಂಬ ಊಹೆಯನ್ನು ಕೇಳಿ ಕನ್ನಡದ ಕೋಲನ್ನು ಅದಕ್ಕೆ ಗಂಟುಹಾಕುವವರು ಆಗಾಗ ಸಿಗುತ್ತಾರೆ. ಅದು ಬರಿಯ ಧ್ವನಿಸಾಮ್ಯ.

ಇಂಗ್ಲಿಷಿನ ಸ್ಪೋರ್ಟ್ ಎಂಬ ಶಬ್ದದ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಮೊದಲು ಮನರಂಜನೆ, ಆಮೇಲೆ ವಿಶೇಷವಾಗಿ ಬೇಟೆ, ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆ ಕಾಲೇಜುಗಳ ಸಂಘಟಿತ ಆಟ ಎಂದು ಅದರ ಅರ್ಥ ಸರಿಯುತ್ತ ಬಂತು. ಆ ಕೊನೆಯ ಅರ್ಥಕ್ಕೆ ಪರ್ಯಾಯವಾಗಿ ಕನ್ನಡದಲ್ಲಿ ಕ್ರೀಡೆ ನೆಲೆಗೊಂಡಿತು. ಹೀಗಾಗಿ ಗಾಲ್ಫ್ ಕ್ರೀಡೆಯೇ ಎಂದು ಕೇಳುವಾತ, ತನಗರಿವಿಲ್ಲದೆ, ವಿಕ್ಟೋರಿಯಾ ಕಾಲದ ಶಾಲೆಯೊಂದರ ಅಂಗಳದಲ್ಲಿ ನಿಂತು ಕೇಳುತ್ತಿರುತ್ತಾನೆ.

ಗಾಲ್ಫ್ ಮಾತ್ರ ಶಾಲೆಯ ಅಂಗಳಕ್ಕಿಂತ ಹಳೆಯದು. ಅದು ಬೆಳೆದದ್ದು ಊರ ಗೋಮಾಳದಲ್ಲಿ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಕಡಲಿಗೂ ಉಳುವ ಹೊಲಕ್ಕೂ ನಡುವೆ ಮರಳುದಿಬ್ಬಗಳ ಪಟ್ಟಿಯಿದೆ. ಬೆಳೆಗೆ ಬಾರದ ಆ ನೆಲಕ್ಕೆ ಲಿಂಕ್ಸ್ ಎಂದು ಹೆಸರು. ಕುರಿಗಳೂ ಮೊಲಗಳೂ ಮೇಯ್ದು ಅಲ್ಲಿನ ಹುಲ್ಲನ್ನು ತಗ್ಗಿಸುತ್ತಿದ್ದವು. ಎಡಿನ್‌ಬರೋ ಬಳಿಯ ಲೀತ್‌ನಲ್ಲಿ ೧೭೪೪ರಲ್ಲಿ ಗಾಲ್ಫಿಗೆ ಮೊದಲ ಬಾರಿ ಹದಿಮೂರು ನಿಯಮಗಳನ್ನು ಬರೆದಾಗ ಅಲ್ಲಿದ್ದದ್ದು ಐದೇ ಕುಳಿಗಳು. ಆ ನಿಯಮಗಳನ್ನು ಇಂದು ಓದಿದರೆ ಆಟಕ್ಕಿಂತ ಹೆಚ್ಚಾಗಿ ನೆಲ ಕಣ್ಣಿಗೆ ಕಟ್ಟುತ್ತದೆ. ಚೆಂಡು ಮನುಷ್ಯನಿಗೋ ಕುದುರೆಗೋ ನಾಯಿಗೋ ತಗುಲಿ ನಿಂತರೆ ನಿಂತಲ್ಲಿಂದಲೇ ಆಡಬೇಕೆಂದು ಒಂದು ನಿಯಮ. ನೆಲದ ರಕ್ಷಣೆಗಾಗಿ ತೋಡಿದ ಕಾಲುವೆಯನ್ನಾಗಲಿ, ವಿದ್ಯಾರ್ಥಿಗಳ ಕುಳಿಗಳನ್ನಾಗಲಿ, ಸೈನಿಕರ ಸಾಲುಗಳನ್ನಾಗಲಿ ಆಟದ ತೊಡಕೆಂದು ಎಣಿಸಬಾರದೆಂದು ಇನ್ನೊಂದು. ಎಲ್ಲರೂ ಓಡಾಡುವ ಬಯಲಿನಲ್ಲಿ ಗಾಲ್ಫ್ ಆಡುವವರೂ ಒಂದು ಪಾಲುದಾರರಾಗಿದ್ದರು, ಅಷ್ಟೆ. ಆ ವರ್ಷ ನಗರಸಭೆ ಕೊಟ್ಟ ಬೆಳ್ಳಿಯ ಕೋಲನ್ನು ಗೆದ್ದವನು ಜಾನ್ ರ್ಯಾಟ್ರೇ ಎಂಬ ಶಸ್ತ್ರವೈದ್ಯ. ಮರುವರ್ಷ ಅವನು ಬಂಡಾಯಗಾರ ರಾಜಕುಮಾರ ಚಾರ್ಲ್ಸ್ ಎಡ್ವರ್ಡನ ಸೈನ್ಯದಲ್ಲಿ ವೈದ್ಯನಾಗಿ ಹೋದ. ಸೋತು ಸೆರೆಸಿಕ್ಕಾಗ ಅವನ ಪರವಾಗಿ ಮಾತನಾಡಿದವನು ಅದೇ ಲೀತ್ ಬಯಲಿನ ಜೊತೆಗಾರ, ನ್ಯಾಯಾಧೀಶ ಡಂಕನ್ ಫೋರ್ಬ್ಸ್.

ಸೇಂಟ್ ಆಂಡ್ರೂಸ್ ಪಟ್ಟಣದ ಲಿಂಕ್ಸ್‌ನ ಚರಿತ್ರೆಯಲ್ಲಿ ಈ ಪಾಲುದಾರಿಕೆಯ ಬಿಕ್ಕಟ್ಟು ಇನ್ನೂ ಸ್ಪಷ್ಟ. ಇಂದು ಎಲ್ಲೆಡೆ ರೂಢಿಯಲ್ಲಿರುವ ಹದಿನೆಂಟು ಕುಳಿಗಳ ಸುತ್ತು ೧೭೬೪ರಲ್ಲಿ ಅಲ್ಲಿ ಇಪ್ಪತ್ತೆರಡನ್ನು ಕಡಿಮೆ ಮಾಡಿದ್ದರಿಂದ ಬಂದದ್ದು. ಅದರ ಹಿಂದೆ ಸ್ಥಳದ ಅನುಕೂಲವಲ್ಲದೆ ಬೇರೆ ತತ್ತ್ವವಿಲ್ಲ. ೧೭೯೭ರಲ್ಲಿ ಸಾಲಕ್ಕೆ ಸಿಕ್ಕಿದ ನಗರಸಭೆ ಆ ನೆಲವನ್ನು ಪರಭಾರೆ ಮಾಡಿತು. ಕೊನೆಗೆ ಅದು ಮೊಲ ಸಾಕುವ ವ್ಯಾಪಾರಿಗಳ ಕೈ ಸೇರಿ, ಮೊಲಗಳು ಆಟದ ನೆಲವನ್ನೆಲ್ಲ ಬಗೆದು ಹಾಕತೊಡಗಿದಾಗ, ಊರವರಿಗೂ ವ್ಯಾಪಾರಿಗಳಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ೧೮೨೧ರಲ್ಲಿ ನೆರೆಯ ಜಮೀನುದಾರ ಜೇಮ್ಸ್ ಚೀಪ್ ಅದನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟ. ೧೮೯೪ರಲ್ಲಿ ಸಂಸತ್ತಿನ ಕಾಯಿದೆಯೊಂದರ ಮೂಲಕ ಪಟ್ಟಣ ಅದನ್ನು ಮರಳಿ ಪಡೆಯಿತು. ಇಂದಿಗೂ ಅದು ಸಾರ್ವಜನಿಕ ನೆಲ. ಭಾನುವಾರ ಅಲ್ಲಿನ ಹಳೆಯ ಮೈದಾನದಲ್ಲಿ ಆಟ ನಿಲ್ಲಿಸಿ ಊರಿನವರು ಮಕ್ಕಳೊಡನೆ, ನಾಯಿಗಳೊಡನೆ ಅಡ್ಡಾಡುತ್ತಾರೆ. ಗಾಲ್ಫ್ ಎಂದರೆ ಸಿರಿವಂತರ ಬೇಲಿಯೊಳಗಿನ ಹುಲ್ಲು ಎಂಬ ಭಾವನೆ ಇರುವವರಿಗೆ ಅದರ ತವರಿನ ಈ ಸಂಗತಿ ಬೆರಗು ತರಬಹುದು.

ಆ ತವರಿನಲ್ಲಿಯೂ ಆಟ ಎಲ್ಲರದಾಗಿ ಉಳಿಯಲು ಚೆಂಡಿನ ಬೆಲೆ ಬಿಡಲಿಲ್ಲ. ಬೇಯಿಸಿದ ಹಕ್ಕಿಗರಿಗಳನ್ನು ತೊಗಲಿನ ಪುಟ್ಟ ಚೀಲದೊಳಕ್ಕೆ ತುರುಕಿ ಹೊಲಿದ ಚೆಂಡುಗಳನ್ನು ಒಬ್ಬ ಕುಶಲಿ ದಿನಕ್ಕೆ ಮೂರೋ ನಾಲ್ಕೋ ಮಾಡಬಲ್ಲವನಾಗಿದ್ದ. ಮಳೆಯಲ್ಲಿ ತೊಯ್ದರೆ ಅವು ಬಿರಿಯುತ್ತಿದ್ದವು. ೧೮೪೮ರ ಸುಮಾರಿಗೆ ಮಲಯ ದೇಶದ ಮರದ ಅಂಟಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂದು ಬೆಲೆ ಇಳಿಯಿತು. ಗರಿಚೆಂಡಿನ ಹೆಸರಾಂತ ಕಸುಬುಗಾರ ಅಲನ್ ರಾಬರ್ಟ್‌ಸನ್ ಹೊಸ ಚೆಂಡನ್ನು ಹಗೆಯೆಂದು ಕಂಡ. ಅವನ ಬಳಿ ಕೆಲಸ ಕಲಿತ, ನೇಕಾರನ ಮಗ ಟಾಮ್ ಮಾರಿಸ್ ಅದರಿಂದ ಆಡಿದ್ದಕ್ಕೆ ಇಬ್ಬರೂ ಬೇರೆಯಾದರು. ಆಡುವವರಿಗಿಂತ ಆಟ ಬಲ್ಲವರು ಚೆಂಡು ಮಾಡುವವರು, ಕೋಲು ಕೆತ್ತುವವರು, ಕೋಲು ಹೊರುವವರೇ ಆಗಿದ್ದರು ಎಂಬುದಕ್ಕೆ ೧೮೬೦ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ನಡೆದ ಮೊದಲ ಓಪನ್ ಪಂದ್ಯವೇ ಸಾಕ್ಷಿ. ಅದರಲ್ಲಿ ಭಾಗವಹಿಸಿದ ಎಂಟು ಮಂದಿಯೂ ವೃತ್ತಿಯವರು. ಗೆದ್ದವನು ವಿಲ್ಲಿ ಪಾರ್ಕ್. ಮುಂದಿನ ವರ್ಷಗಳಲ್ಲಿ ನಾಲ್ಕು ಬಾರಿ ಗೆದ್ದವನು ಟಾಮ್ ಮಾರಿಸ್. ಫ್ರೆಂಚಿನ ಕಾಡೆ ಎಂಬ ಶಬ್ದದಿಂದ ಬಂದು, ಹದಿನೆಂಟನೆಯ ಶತಮಾನದ ಎಡಿನ್‌ಬರೋದಲ್ಲಿ ಹೇಳಿದ ಕೆಲಸಕ್ಕೆ ಓಡುವ ಹಮಾಲನಿಗೆ ಸಂದ ಕ್ಯಾಡಿ ಎಂಬ ಹೆಸರು, ಕ್ರಮೇಣ ಗಾಲ್ಫ್ ಚೀಲ ಹೊರುವವನಿಗೇ ಮುಡಿಪಾಯಿತು.

ಭಾರತಕ್ಕೆ ಗಾಲ್ಫ್ ಬಂದಾಗ ಗೋಮಾಳ ಹಿಂದೆ ಉಳಿಯಿತು, ಕ್ಯಾಡಿ ಮಾತ್ರ ಜೊತೆಗೆ ಬಂದ. ಕಲ್ಕತ್ತೆಯ ಕ್ಲಬ್ಬು ೧೮೨೯ರಷ್ಟು ಹಳೆಯದು. ಬ್ರಿಟಿಷ್ ದ್ವೀಪಗಳ ಹೊರಗಿನ ಗಾಲ್ಫ್ ಕ್ಲಬ್ಬುಗಳಲ್ಲಿ ಅದೇ ಅತ್ಯಂತ ಪ್ರಾಚೀನ. ಬೆಂಗಳೂರಿನದು ೧೮೭೬ರಲ್ಲಿ ಹುಟ್ಟಿತು. ಇವೆರಡರ ನಡುವಿನ ಅವಧಿಯಲ್ಲಿ ಮದ್ರಾಸ್ ಸರಕಾರದ ಬೇಸಿಗೆಯ ನೆಲೆಯಾಗಿ ಬೆಳೆದ ನೀಲಗಿರಿಯಲ್ಲಿ, ಶತಮಾನ ಮುಗಿಯುವ ಹೊತ್ತಿಗೆ, ಗಾಲ್ಫ್ ಬೇರೂರಿತ್ತು.

ಗಡಿನಾಡ ಕನ್ನಡದ ಅಭ್ಯಾಸಿಗಳಿಗೆ ನೀಲಗಿರಿಯ ಸಂದರ್ಭ ಬರಿಯ ಒಂದು ಉದಾಹರಣೆಯಲ್ಲ. ೧೮೨೦ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಉದಕಮಂಡಲದಲ್ಲಿ ಮನೆ ಕಟ್ಟಿದ ಮೇಲೆ ಬಂದ ಯುರೋಪಿಯನ್ನರಿಗೆ ಅಲ್ಲಿನ ಹುಲ್ಲುಗಾವಲಿನ ಬೋಳುಗುಡ್ಡಗಳು ತಮ್ಮ ನಾಡಿನ ಡೌನ್ಸ್‌ಗಳಂತೆ ಕಂಡವು, ಹಾಗೆಂದೇ ಕರೆದರು. ೧೮೯೧ರಿಂದ ೧೮೯೬ರವರೆಗೆ ಗವರ್ನರನಾಗಿದ್ದ ಲಾರ್ಡ್ ವೆನ್‌ಲಾಕನ ಹೆಸರು ಆ ಬಯಲಿಗೆ ಅಂಟಿಕೊಂಡಿತು. ಅಲ್ಲಿ ಸ್ಪೋರ್ಟ್ ಎಂದರೆ ಮೊದಲು ಬೇಟೆಯೇ. ನರಿಯ ಬದಲು ಗುಳ್ಳೆನರಿಯನ್ನು ನಾಯಿಗಳಿಂದ ಅಟ್ಟಿಸುವ ಊಟಿ ಹಂಟ್ ಓಡಿದ ಗುಡ್ಡಗಳ ಮಗ್ಗುಲಲ್ಲಿಯೇ, ಮೈಸೂರು ಅರಸರ ಬೇಸಿಗೆಯ ಅರಮನೆಯಿದ್ದ ಫರ್ನ್‌ಹಿಲ್ ಕಡೆ, ಜಿಮ್‌ಖಾನಾದ ಗಾಲ್ಫ್ ಮೈದಾನ ಹರಡಿಕೊಂಡಿತು. ಕೆಳಗೆ ವೆಲ್ಲಿಂಗ್ಟನ್ ದಂಡಿನಲ್ಲಿ ಇನ್ನೊಂದು. ಬೆಟ್ಟದ ಮೇಲಿನ ಬಿಡುವು ಆಟಗಳನ್ನು ಹುಟ್ಟಿಸುವುದರಲ್ಲಿಯೂ ಚುರುಕಾಗಿತ್ತು: ಜಬಲ್‌ಪುರದ ದಂಡಿನಲ್ಲಿ ೧೮೭೫ರಲ್ಲಿ ರೂಪುತಳೆದ ಸ್ನೂಕರಿನ ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿದ್ದು ೧೮೮೨ರಲ್ಲಿ, ಉದಕಮಂಡಲದ ಕ್ಲಬ್ಬಿನಲ್ಲಿ.

ಸ್ಕಾಟ್ಲೆಂಡಿನ ಲಿಂಕ್ಸ್‌ನಲ್ಲಿ ಕುರಿಗಳು ಮೇಯುತ್ತಿದ್ದಂತೆ ಈ ಗುಡ್ಡಗಳಲ್ಲಿ ಮೇಯುತ್ತಿದ್ದುದು ತೋದರ ಎಮ್ಮೆಗಳು. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಸೇಂಟ್ ಆಂಡ್ರೂಸ್‌ನಲ್ಲಿ ನೆಲದ ಮೇಲೆ ಊರಿಗೆ ಹಕ್ಕುಂಟೆಂಬ ವಾದವನ್ನು ನ್ಯಾಯಾಲಯ ಕೇಳಿತು, ಸಂಸತ್ತು ಎತ್ತಿಹಿಡಿಯಿತು. ನೀಲಗಿರಿಯಲ್ಲಿ ತೋದರಿಗೆ ಭೂಮಿಯ ಒಡೆತನವುಂಟೆಂದು ಸಲ್ಲಿವನ್ ತಾನೇ ವಾದಿಸಿದರೂ ಮದ್ರಾಸ್ ಸರಕಾರಕ್ಕೆ ಅದು ರುಚಿಸಲಿಲ್ಲ. ಅಲ್ಲಿ ಗೋಮಾಳದಿಂದ ಆಟ ಹುಟ್ಟಿತು. ಇಲ್ಲಿ ಗೋಮಾಳದ ಮೇಲೆ ಆಟ ಬಂದು ಕೂತಿತು. ಅದೇ ಬೆಟ್ಟಗಳಲ್ಲಿ ತೋದ ಗಂಡಸರು ದುಂಡುಕಲ್ಲನ್ನು ಹೆಗಲಿಗೆತ್ತಿ ಬಲಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಜತ್ತಿನ ಜಾತ್ರೆಯ ಗುಂಡುಕಲ್ಲಿಗೂ ಅದಕ್ಕೂ ಇರುವ ಸಾಮ್ಯ ಕುತೂಹಲಕರ. ಅದನ್ನು ಜನಾಂಗವಿವರಣೆಯ ಪುಸ್ತಕಗಳಲ್ಲಿ ಪದ್ಧತಿ, ಸಂಪ್ರದಾಯಗಳ ಅಡಿಯಲ್ಲಿ ಬರೆದರು. ಕ್ಲಬ್ಬಿನ ಹುಲ್ಲಿನ ಮೇಲೆ ನಡೆದದ್ದನ್ನು ಸ್ಪೋರ್ಟ್ ಎಂದು ಪತ್ರಿಕೆಗಳು ಬರೆದವು. ದೈಹಿಕ ಶ್ರಮವೇ ನಿಜವಾದ ಅಳತೆಯಾಗಿದ್ದರೆ ಈ ಎರಡು ಹೆಸರುಗಳು ಅದಲುಬದಲಾಗಬೇಕಿತ್ತು.

ಹೆಸರಿಡುವ ಅಧಿಕಾರ ಯಾರದೆಂಬ ಪ್ರಶ್ನೆ ಈ ಬೆಟ್ಟಗಳಿಗೆ ಹೊಸದಲ್ಲ. ಬಡಗ ಹಟ್ಟಿಗಳ ಮಾತನ್ನು ಭಾರತದ ಜನಗಣತಿ ಕನ್ನಡದ ಅಡಿಯಲ್ಲಿ ಎಣಿಸುತ್ತದೆ. ಭಾಷಾವಿಜ್ಞಾನಿಗಳಲ್ಲಿ ಹಲವರು ಅದನ್ನು ಸ್ವತಂತ್ರ ಭಾಷೆ ಎನ್ನುತ್ತಾರೆ. ಎಣಿಸುವವನ ಉದ್ದೇಶ ಬದಲಾದಂತೆ ಉತ್ತರವೂ ಬದಲಾಗುತ್ತದೆ; ಹಟ್ಟಿಯಲ್ಲಿ ಮಾತನಾಡುವವರು ಯಾವ ಅಂಕಣಕ್ಕೂ ಕಾಯದೆ ಮಾತನಾಡುತ್ತಾರೆ. ಗಾಲ್ಫ್ ಕ್ರೀಡೆಯೇ ಎಂಬುದಕ್ಕೆ ದೊರೆ, ಕ್ಲಬ್ಬು, ಒಲಿಂಪಿಕ್ ಸಮಿತಿ, ನ್ಯಾಯಾಲಯಗಳು ಕಾಲಕಾಲಕ್ಕೆ ಕೊಟ್ಟ ಉತ್ತರಗಳೂ ಈ ಬಗೆಯವೇ.

ಆ ಪೈಕಿ ನ್ಯಾಯಾಲಯದ ಉತ್ತರವನ್ನು ತುಸು ವಿವರವಾಗಿ ನೋಡಬೇಕು. ಅಮೆರಿಕದ ಕೇಸಿ ಮಾರ್ಟಿನ್ ಎಂಬ ವೃತ್ತಿಪರ ಆಟಗಾರನಿಗೆ ಬಲಗಾಲಿನ ರಕ್ತಚಲನೆಯ ಹುಟ್ಟುರೋಗವಿತ್ತು. ಹದಿನೆಂಟು ಕುಳಿಗಳಷ್ಟು ದೂರ ನಡೆಯುವುದು ಅವನಿಗೆ ನೋವಷ್ಟೇ ಅಲ್ಲ, ಅಪಾಯವೂ ಆಗಿತ್ತು. ಪಂದ್ಯಗಳಲ್ಲಿ ಗಾಡಿ ಬಳಸಲು ಅನುಮತಿ ಬೇಕೆಂದು ೧೯೯೦ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಅಡಿಯಲ್ಲಿ ಅವನು ದಾವೆ ಹೂಡಿದ. ನಡಿಗೆಯ ಆಯಾಸ ಆಟದ ಜೀವಾಳ, ಗಾಡಿ ಕೊಟ್ಟರೆ ಆಟದ ಸ್ವರೂಪವೇ ಕೆಡುತ್ತದೆ ಎಂದು ಪಿಜಿಎ ಟೂರ್ ವಾದಿಸಿತು. ಜ್ಯಾಕ್ ನಿಕ್ಲಾಸ್, ಆರ್ನಾಲ್ಡ್ ಪಾಮರ್ ಮುಂತಾದ ಹಿರಿಯರು ಅದರ ಪರವಾಗಿ ಸಾಕ್ಷಿ ನುಡಿದರು. ೧೯೬೪ರ ಯುಎಸ್ ಓಪನ್‌ನಲ್ಲಿ ಬಿಸಿಲಿನ ಬೇಗೆಗೆ ಕುಸಿಯುವಂತಾಗಿಯೂ ಗೆದ್ದ ಕೆನ್ ವೆಂಚುರಿಯೂ ಅವರಲ್ಲಿದ್ದ. ಇನ್ನೊಂದು ಕಡೆಯಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕನೊಬ್ಬ ಲೆಕ್ಕ ಕೊಟ್ಟ: ಸುಮಾರು ಐದು ಮೈಲಿಯ ಆ ನಡಿಗೆಗೆ ತಗಲುವ ಶಕ್ತಿ ೫೦೦ ಕ್ಯಾಲರಿ, ಅಂಗಡಿಯಲ್ಲಿ ಸಿಗುವ ಒಂದು ದೊಡ್ಡ ಬರ್ಗರಿನಲ್ಲಿ ಇರುವುದಕ್ಕಿಂತ ಕಡಿಮೆ. ಗಾಡಿಯಿದ್ದರೂ ಮಾರ್ಟಿನ್ ಪ್ರತಿ ಸುತ್ತಿಗೆ ಒಂದು ಮೈಲಿಗಿಂತ ಹೆಚ್ಚು ನಡೆಯಲೇಬೇಕಿತ್ತೆಂದೂ, ಅವನ ಆಯಾಸ ಇತರರ ಆಯಾಸಕ್ಕಿಂತ ಹೆಚ್ಚೇ ಎಂದೂ ಕೆಳಗಿನ ನ್ಯಾಯಾಲಯ ಕಂಡುಕೊಂಡಿತ್ತು. ೨೦೦೧ರ ಮೇ ೨೯ರಂದು ಸುಪ್ರೀಂ ಕೋರ್ಟು ಏಳು-ಎರಡರ ಬಹುಮತದಿಂದ ಅವನ ಪರವಾಗಿ ತೀರ್ಪು ಕೊಟ್ಟಿತು. ಗಾಲ್ಫಿನ ಸಾರ ಹೊಡೆತದಲ್ಲಿದೆ, ನಡಿಗೆಯಲ್ಲಲ್ಲ ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದ ತೀರ್ಪಿನ ತಿರುಳು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ೧೪೫೭ರ ದೊರೆಯನ್ನೇ ವ್ಯಂಗ್ಯವಾಗಿ ನೆನೆದು, ಗಾಲ್ಫ್ ಎಂದರೇನೆಂದು ನಿರ್ಣಯಿಸುವ ಭಾರ ಕೊನೆಗೂ ನ್ಯಾಯಾಲಯದ ತಲೆಗೇ ಬಂತಲ್ಲ ಎಂದು ಹಾಸ್ಯ ಮಾಡಿದ. ಆಟದ ನಿಯಮಗಳೆಲ್ಲ ಯಾದೃಚ್ಛಿಕವಾಗಿರುವಾಗ ಯಾವುದು ಮೂಲಭೂತ, ಯಾವುದು ಅಲ್ಲ ಎಂದು ಹೇಳುವುದೇ ಅಸಾಧ್ಯ ಎಂಬುದು ಅವನ ನಿಲುವು.

ಸ್ಕಾಲಿಯಾನ ವಾದ ಚುರುಕಾದದ್ದು, ಆದರೆ ಪೂರ್ತಿ ಸರಿಯಲ್ಲ. ನಿಯಮಗಳು ಯಾದೃಚ್ಛಿಕವೆಂದ ಮಾತ್ರಕ್ಕೆ ಅವುಗಳ ಹಿಂದೆ ಯಾವ ತರ್ಕವೂ ಇಲ್ಲವೆಂದಾಗದು. ಕೆನಡದ ತತ್ತ್ವಜ್ಞ ಬರ್ನಾರ್ಡ್ ಸ್ಯೂಟ್ಸ್ ೧೯೭೮ರ ತನ್ನ ಗ್ರಂಥದಲ್ಲಿ ಆಟವೆಂದರೇನೆಂದು ವಿವರಿಸಲು ಗಾಲ್ಫನ್ನೇ ಉದಾಹರಣೆಯಾಗಿ ಎತ್ತಿಕೊಂಡ. ಚೆಂಡು ಕುಳಿ ಸೇರಬೇಕೆಂಬುದಷ್ಟೇ ಗುರಿಯಾಗಿದ್ದರೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹಾಕುವುದೇ ಸುಲಭ. ಉದ್ದನೆಯ ಕೋಲಿನಿಂದ, ದೂರದಿಂದ, ಎಣಿಕೆಯಿಟ್ಟು ಹೊಡೆಯುವ ಕಷ್ಟವನ್ನು ಆಟಗಾರ ತಾನಾಗಿ ಮೈಮೇಲೆ ಹಾಕಿಕೊಳ್ಳುತ್ತಾನೆ. ಆ ಕಷ್ಟಕ್ಕಾಗಿಯೇ ಹಾಕಿಕೊಳ್ಳುತ್ತಾನೆ. ಚಿನ್ನಿದಾಂಡು ಆಡಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೀಗೆ ನೋಡಿದರೆ ಗಾಲ್ಫಿಗೂ ಕುಸ್ತಿಗೂ ನಡುವೆ ಇರುವುದು ಕಷ್ಟದ ಬಗೆಯಲ್ಲಿನ ಭೇದ, ಕ್ರೀಡೆ ಅಕ್ರೀಡೆಗಳ ಭೇದವಲ್ಲ. ನಿಂತ ಚೆಂಡನ್ನು ಹೊಡೆಯುವುದರಲ್ಲಿ ಏನು ಮಹಾ ಎಂಬ ಕುಹಕಕ್ಕೂ ಇಲ್ಲಿಯೇ ಉತ್ತರವಿದೆ. ಚೆಂಡು ನಿಂತಿರುವುದರಿಂದಲೇ ತಪ್ಪಿದ ಹೊಡೆತದ ಹೊಣೆಯನ್ನು ಎಸೆದವನ ಮೇಲಾಗಲಿ, ಅಡ್ಡ ಬಂದವನ ಮೇಲಾಗಲಿ ಹೊರಿಸುವಂತಿಲ್ಲ.

ಗಾಲ್ಫಿನ ಆಕರ್ಷಣೆಯನ್ನು ಹುಡುಕಬೇಕಾದದ್ದು ಈ ಹೊಣೆಯಲ್ಲಿ. ಯಾವ ಎರಡು ಮೈದಾನಗಳೂ ಒಂದೇ ಬಗೆಯವಲ್ಲ. ಗಾಳಿ ತಿರುಗಿದರೆ ಬೆಳಗಿನ ಮೈದಾನವೇ ಮಧ್ಯಾಹ್ನ ಬೇರೆಯಾಗುತ್ತದೆ. ಹ್ಯಾಂಡಿಕ್ಯಾಪ್ ಎಂಬ ಏರ್ಪಾಟಿನಿಂದ ಅಸಮಾನರು ಸಮಾನರಂತೆ ಆಡಬಲ್ಲರು, ಅಜ್ಜ ಮೊಮ್ಮಗಳು ಒಂದೇ ಪಂದ್ಯದಲ್ಲಿ ಸೆಣಸಬಲ್ಲರು. ಎಲ್ಲಕ್ಕಿಂತ ಮಿಗಿಲಾಗಿ, ಬಹುಪಾಲು ಹೊತ್ತು ಕಾವಲಿಗೆ ಅಂಪೈರ್ ಇರುವುದಿಲ್ಲ. ೧೯೨೫ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್, ತಾನು ಹೊಡೆಯಲು ನಿಂತಾಗ ಚೆಂಡು ತುಸು ಅಲುಗಿತೆಂದು ತಾನೇ ಹೇಳಿ, ಬೇರೆ ಯಾರೂ ನೋಡಿರದಿದ್ದರೂ ಒಂದು ಹೊಡೆತದ ದಂಡವನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡ. ಪಂದ್ಯ ಸಮವಾಗಿ ಮುಗಿದು, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫಾರ್ಲೇನನಿಗೆ ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ.

ಒಲಿಂಪಿಕ್ಸ್‌ನೊಡನೆ ಗಾಲ್ಫಿನ ಸಂಬಂಧ ಒಳಗೆ ಹೊರಗೆ ಎಂಬಂತೆ ಸಾಗಿತು. ೧೯೦೦ರಲ್ಲಿ ಪ್ಯಾರಿಸ್ ಕೂಟದ ಮಹಿಳೆಯರ ಸ್ಪರ್ಧೆಯನ್ನು ಒಂಬತ್ತು ಕುಳಿಗಳಲ್ಲಿ ೪೭ ಹೊಡೆತಗಳಿಂದ ಗೆದ್ದ ಅಮೆರಿಕದ ಮಾರ್ಗರೆಟ್ ಅಬಟ್‌ಗೆ, ತಾನು ಗೆದ್ದದ್ದು ಒಲಿಂಪಿಕ್ ಪಂದ್ಯವೆಂಬುದು ೧೯೫೫ರಲ್ಲಿ ತೀರಿಕೊಳ್ಳುವವರೆಗೂ ತಿಳಿದಿರಲಿಲ್ಲ. ೧೯೦೪ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆನಡದ ಜಾರ್ಜ್ ಲಯನ್ ೪೬ನೆಯ ವಯಸ್ಸಿನಲ್ಲಿ ಗೆದ್ದ. ಅಲ್ಲಿಗೆ ಆಟ ಪಟ್ಟಿಯಿಂದ ಬಿದ್ದುಹೋಯಿತು. ೨೦೦೯ರಲ್ಲಿ ಕೋಪನ್‌ಹೇಗನ್ನಿನ ಸಭೆಯಲ್ಲಿ ಅದನ್ನು ಮತ್ತೆ ಸೇರಿಸಲು ನಿರ್ಧಾರವಾಗಿ, ೧೧೨ ವರ್ಷಗಳ ನಂತರ ೨೦೧೬ರಲ್ಲಿ ರಿಯೋದಲ್ಲಿ ಮರಳಿತು. ನೆಲದ ಪ್ರಶ್ನೆ ಅಲ್ಲಿಯೂ ಬೆನ್ನು ಬಿಡಲಿಲ್ಲ; ಮರಪೆಂಡಿ ಎಂಬ ರಕ್ಷಿತ ಪ್ರಕೃತಿತಾಣದ ಭಾಗವೊಂದನ್ನು ಸೇರಿಸಿಕೊಂಡು ಮೈದಾನ ನಿರ್ಮಿಸಿದ್ದರ ವಿರುದ್ಧ ಪರಿಸರವಾದಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ಬು ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು ಇದಕ್ಕಿಂತ ಎರಡೇ ವರ್ಷ ಮೊದಲು.

ಇಷ್ಟರಲ್ಲಿ ಭಾರತದ ಮೈದಾನಗಳಲ್ಲಿ ಹಳೆಯ ಲೆಕ್ಕವೊಂದು ಸದ್ದಿಲ್ಲದೆ ಬದಲಾಗುತ್ತಿತ್ತು. ಕ್ಲಬ್ಬುಗಳ ಗೋಡೆಗಳ ಮರದ ಫಲಕಗಳಲ್ಲಿ ನಾಯಕರ ಹೆಸರು, ವಿಜೇತರ ಹೆಸರು ಚಿನ್ನದಕ್ಷರದಲ್ಲಿರುತ್ತವೆ. ಅದೇ ಐದು ಮೈಲಿಯನ್ನು ಹೆಗಲ ಮೇಲೆ ಹೊರೆಯಿಟ್ಟು ನಡೆದವರ ಹೆಸರಿರುವುದಿಲ್ಲ. ಶ್ರಮವೇ ಕ್ರೀಡೆಯ ಗುರುತೆಂದು ವಾದಿಸುವವರು ಮೈದಾನದಲ್ಲಿ ಅತಿ ಹೆಚ್ಚು ಶ್ರಮಪಟ್ಟವನನ್ನು ಕ್ರೀಡಾಪಟುವೆಂದು ಎಂದೂ ಕರೆದವರಲ್ಲ. ಆದರೆ ಚೀಲ ಹೊತ್ತು ನಡೆದವನು ನೆಲದ ಏರುತಗ್ಗನ್ನು, ಹುಲ್ಲಿನ ಒಲವನ್ನು ಒಡೆಯನಿಗಿಂತ ಚೆನ್ನಾಗಿ ಬಲ್ಲ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ ೧೯೯೧ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರರಾದರು. ಕಲ್ಕತ್ತೆಯ ಮೈದಾನದ ಹುಲ್ಲು ನೋಡಿಕೊಳ್ಳುವ ನೌಕರನ ಮಗ ಎಸ್.ಎಸ್.ಪಿ. ಚೌರಾಸಿಯಾ ೨೦೦೮ರಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ದರು. ಮರುವರ್ಷ ಇಂಡಿಯನ್ ಓಪನ್ ಗೆದ್ದವರು ಬೆಂಗಳೂರಿನ ಸಿ. ಮುನಿಯಪ್ಪ; ಅವರೂ ಕ್ಯಾಡಿಯಾಗಿದ್ದವರೇ.

ಬೆಂಗಳೂರಿನಲ್ಲಿಯೇ ಆಟ ಕಲಿತ ಅದಿತಿ ಅಶೋಕ್ ಈ ಹಾದಿಯಿಂದ ಬಂದವರಲ್ಲ. ಆದರೂ ೨೦೨೧ರ ಆಗಸ್ಟ್ ೭ರ ಮುಂಜಾನೆ, ಗಾಲ್ಫಿನ ಲೆಕ್ಕ ಹೇಗೆಂದೂ ಅರಿಯದ ಮನೆಗಳಲ್ಲಿ ದೂರದರ್ಶನದ ಮುಂದೆ ಜನ ಕೂತದ್ದು ಅವರ ಆಟಕ್ಕಾಗಿ. ಟೋಕಿಯೋ ಒಲಿಂಪಿಕ್ಸ್‌ನ ಗಾಲ್ಫ್ ನಡೆದ ಕಸುಮಿಗಸೆಕಿ ಕ್ಲಬ್ಬು ಮಹಿಳೆಯರಿಗೆ ಪೂರ್ಣ ಸದಸ್ಯತ್ವ ಕೊಡಲು ಒಪ್ಪಿದ್ದು ೨೦೧೭ರಲ್ಲಿ, ಒಲಿಂಪಿಕ್ ಸಮಿತಿಯ ಒತ್ತಡ ಬಂದ ಮೇಲೆ. ಆಗ ವಿಶ್ವದ ೨೦೦ನೆಯ ಶ್ರೇಯಾಂಕದಲ್ಲಿದ್ದ ಅದಿತಿ ನಾಲ್ಕು ಸುತ್ತುಗಳಲ್ಲಿ ಪಾರ್‌ಗಿಂತ ೧೫ ಹೊಡೆತ ಕಡಿಮೆಯಲ್ಲಿ ಮುಗಿಸಿದರು. ಪದಕಕ್ಕೆ ಇನ್ನೊಂದು ಹೊಡೆತ ಕಡಿಮೆಯಾಗಬೇಕಿತ್ತು. ಕೊನೆಯ ಕುಳಿಯಲ್ಲಿ ಅದು ಸಿಗದೆ ನಾಲ್ಕನೆಯವರಾದರು. ಅವರ ಚೀಲ ಹೊತ್ತು ಆ ಮೈದಾನದ ಉದ್ದಕ್ಕೂ ನಡೆದವರು ಅವರ ತಾಯಿ.